ತಲೆ ಆಡಿಸಿದರೆ ಸಾಲದು

ಅಧ್ಯಕ್ಷ ಸ್ಥಾನದಲ್ಲಿರುವ ನಮ್ಮ ಮುಖ್ಯಸ್ಥರೇ, ಮುಖ್ಯ ಅತಿಥಿಗಳಾಗಿ ಬಂದಿರುವ ತರಬೇತಿ ಕೇಂದ್ರದ ನಿರ್ದೇಶಕರೇ, ಇಂದು ನಾವು ಬೀಳ್ಕೊಡುತ್ತಿರುವ ಮೇಡಂ ಅವರೇ, ಅವರ ಪಕ್ಕದಲ್ಲಿ ಕೋಟು ತೊಟ್ಟು ಬೆವರುತ್ತ ಕುಳಿತಿರುವ ಅವರ ಯಜಮಾನರೇ, ಮೂರನೇ ಮಹಡಿಯ ನನ್ನ ಸಹೋದ್ಯೋಗಿಗಳೇ, ಮತ್ತು ಊಟದ ಕೋಣೆಯ ಬಾಗಿಲಿಗೆ ಹತ್ತಿರದ ಕುರ್ಚಿಗಳನ್ನೇ ಹುಡುಕಿ ಹಿಡಿದಿರುವ ಜಾಣ ಸಭಿಕರೇ,

ಮೊದಲು ಈ ಮೈಕನ್ನು ಸ್ವಲ್ಪ ಕೆಳಗಿಳಿಸಿಕೊಳ್ಳುತ್ತೇನೆ. ಆಯಿತು.

ನಾನು ಭಾಷಣ ಮಾಡುವವಳಲ್ಲ. ನಾನು ಸಾಹಿತ್ಯದಲ್ಲಿ ಎಂ.ಎ. ಮಾಡಿದ್ದೇನೆ ಎಂಬ ಒಂದೇ ಕಾರಣಕ್ಕೆ ಈ ಕೆಲಸ ನನ್ನ ತಲೆಗೆ ಬಂದಿದೆ. "ನೀವು ಸಾಹಿತ್ಯದವರು, ನಿಮಗೇನು, ನೀರು ಕುಡಿದ ಹಾಗೆ," ಎಂದರು ಕಾರ್ಯಕ್ರಮದ ಸಂಚಾಲಕರು. ಮಾತಾಡಲು ಬಾರದವರೇ ಹೆಚ್ಚಾಗಿ ಸಾಹಿತ್ಯ ಓದಲು ಹೋಗುತ್ತಾರೆ ಎಂಬುದು ಅವರಿಗೆ ಗೊತ್ತಿಲ್ಲ. ನಾನು ಎಂದಿನಂತೆ ತಲೆ ಆಡಿಸಿದೆ. ನನಗೆ ನಾಲ್ಕು ನಿಮಿಷ ಕೊಟ್ಟಿದ್ದಾರೆ. ಮೇಡಂ ಅವರ ಇಪ್ಪತ್ತಾರು ವರ್ಷಗಳ ಸೇವೆಯನ್ನು ನಾಲ್ಕು ನಿಮಿಷದಲ್ಲಿ ಹೇಳಿ ಮುಗಿಸುವುದು ಸಾಧ್ಯವೇ? ಸಾಧ್ಯವಿಲ್ಲ. ಆದ್ದರಿಂದ ನಾನು ಒಂದೇ ಒಂದು ಪುಸ್ತಕದ ಒಂದೇ ಒಂದು ವಾಕ್ಯದ ಬಗ್ಗೆ ಮಾತಾಡುತ್ತೇನೆ. ಅದು ನಾನೇ ಬರೆದ ವಾಕ್ಯ.

ಹೊರಗಿನಿಂದ ಬಂದ ಅತಿಥಿಗಳಿಗಾಗಿ ಎರಡು ಮಾತು. ನಮ್ಮ ಸಂಸ್ಥೆ ಏನು ಮಾಡುತ್ತದೆ? ನನ್ನ ಅಮ್ಮ ಇಂದಿಗೂ ಕೇಳುವ ಪ್ರಶ್ನೆ ಇದು. ಒಬ್ಬರು ಇನ್ನೊಬ್ಬರಿಗೆ ಹಣ ಕಳುಹಿಸಿದಾಗ ನೋಟುಗಳೇನೂ ಹಾರಿ ಹೋಗುವುದಿಲ್ಲ. "ಇವರ ಖಾತೆಯಿಂದ ಇಷ್ಟು ತೆಗೆದಿದ್ದೇವೆ, ಅವರ ಖಾತೆಗೆ ಇಷ್ಟು ಸೇರಿಸಿ" ಎಂಬ ಒಂದು ಸಂದೇಶ ಹೋಗುತ್ತದೆ. ಆ ಸಂದೇಶಗಳು ಒಂದರ ಹಿಂದೆ ಒಂದು ಸರದಿಯಲ್ಲಿ ನಿಲ್ಲುತ್ತವೆ. ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ, ಒಂದು ಬದಿಯ ಪ್ರೋಗ್ರಾಂ ಸಂದೇಶವನ್ನು ಸರದಿಗೆ ಹಾಕುತ್ತದೆ, ಇನ್ನೊಂದು ಬದಿಯದು ಎತ್ತಿಕೊಳ್ಳುತ್ತದೆ. ಎತ್ತಿಕೊಂಡ ಪ್ರೋಗ್ರಾಂ "ಸ್ವೀಕರಿಸಿದೆ" ಎಂದು ಹೇಳಿದ ಮೇಲೆ ಸರದಿಯು ಆ ಸಂದೇಶವನ್ನು ಅಳಿಸಿಹಾಕುತ್ತದೆ. ಇಷ್ಟೇ. ಈ "ಸ್ವೀಕರಿಸಿದೆ" ಎಂಬುದನ್ನು ಯಾವಾಗ ಹೇಳಬೇಕು ಎಂಬಲ್ಲಿ ನನ್ನ ಕಥೆ ಇದೆ.

ಮೂರು ವರ್ಷದ ಹಿಂದೆ ನಾನು ಇಲ್ಲಿಗೆ ಕೈಪಿಡಿ ಬರೆಯಲು ಸೇರಿದೆ. ಎಂಜಿನಿಯರುಗಳು ಹೇಳುವುದನ್ನು ಮನುಷ್ಯರಿಗೆ ಅರ್ಥವಾಗುವಂತೆ ಬರೆಯುವುದು ನನ್ನ ಕೆಲಸ. ಅದಕ್ಕೆ ಎಂಜಿನಿಯರುಗಳು ಹೇಳುವುದು ಮೊದಲು ನನಗೆ ಅರ್ಥವಾಗಬೇಕು ಎಂಬುದನ್ನು ಸಂದರ್ಶನದಲ್ಲಿ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಸೇರಿದ ಮೊದಲ ವಾರ, ಈ ಸರದಿಯ ಕೆಲಸ ನೋಡಿಕೊಳ್ಳುತ್ತಿದ್ದ ಮೇಡಂ ನನ್ನನ್ನು ಕರೆದು ಕೂರಿಸಿಕೊಂಡರು. ಅವರ ಡ್ರಾಯರ್‌ನಲ್ಲಿ ಒಂದು ಗುಂಡಿ ಡಬ್ಬಿ ಇದೆ, ನೀವೆಲ್ಲ ನೋಡಿದ್ದೀರಿ. ಯಜಮಾನರ ಇಸ್ತ್ರಿ ಅಂಗಡಿಯಲ್ಲಿ ಉದುರಿದ ಅಂಗಿ ಗುಂಡಿಗಳು ಅವು. ಅವರಿಗೆ ಗುಂಡಿ ಮೇಡಂ ಎಂಬ ಹೆಸರು ಬಂದದ್ದೂ ಅದರಿಂದಲೇ. ಮೇಡಂ, ನಿಮ್ಮ ಬೆನ್ನ ಹಿಂದೆ ನಾವು ಹಾಗೆ ಕರೆಯುವುದು ನಿಮಗೆ ಗೊತ್ತಿದೆ ಎಂದು ನಮಗೂ ಗೊತ್ತಿದೆ.

ಅವರು ಹತ್ತು ಗುಂಡಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. "ನೋಡಮ್ಮ, ಇವು ಸಂದೇಶಗಳು. ನಮ್ಮ ಮನೆಯವರ ಅಂಗಡಿಯಲ್ಲಿ ಪ್ರತಿ ಬಟ್ಟೆಗೂ ಒಂದು ಚೀಟಿ. ಬಟ್ಟೆ ಇಸ್ತ್ರಿ ಆಗಿ ಗಿರಾಕಿ ಕೈಗೆ ಹೋದ ಮೇಲೇನೇ ಚೀಟಿ ಹರಿಯೋದು. ಬಟ್ಟೆ ಒಳಗೆ ಬಂದ ತಕ್ಷಣ ಹರಿದುಬಿಟ್ರೆ? ಅಷ್ಟರಲ್ಲಿ ಕರೆಂಟು ಹೋಗಿ, ಗಲಾಟೆಯಲ್ಲಿ ಬಟ್ಟೆ ಎಲ್ಲೋ ಸೇರಿಕೊಂಡ್ರೆ? ಯಾರದು ಅಂತ ಹೇಳೋಕೆ ಏನೂ ಉಳಿಯಲ್ಲ," ಎಂದರು. ಹೇಳುತ್ತಲೇ ಒಂದು ಕಂದು ಗುಂಡಿಯನ್ನು ಎರಡು ಮೇಜುಗಳ ನಡುವಿನ ಸಂದಿಗೆ ಬೀಳಿಸಿದರು. "ಹೋಯ್ತು ನೋಡು. ಗೊತ್ತಾಯ್ತಾ?"

ನಾನು ಆ ಗುಂಡಿ ಬಿದ್ದದ್ದು ಕೈತಪ್ಪಿ ಎಂದುಕೊಂಡಿದ್ದೆ. ಬಗ್ಗಿ ಹುಡುಕಿಕೊಡಬೇಕೋ ಬೇಡವೋ ಎಂಬ ಚಿಂತೆಯಲ್ಲಿ ಉಳಿದದ್ದೇನೂ ನನ್ನ ಕಿವಿಗೆ ಬೀಳಲಿಲ್ಲ. "ಗೊತ್ತಾಯ್ತು ಮೇಡಂ," ಎಂದೆ.

ಇಲ್ಲಿ ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಅಜ್ಜಿಗೆ ಕಿವಿ ಮಂದ. ಅದನ್ನು ಯಾರಿಗೂ ತೋರಿಸಿಕೊಳ್ಳಬಾರದೆಂದು ಅವಳು ಎಲ್ಲದಕ್ಕೂ ತಲೆ ಆಡಿಸುತ್ತಾಳೆ. "ಕಾಫಿ ಮಾಡಲಾ, ಟೀ ಮಾಡಲಾ?" ಎಂದರೆ "ಹ್ಞೂಂ" ಎನ್ನುತ್ತಾಳೆ. ಅಮ್ಮ ನನಗೆ, "ನಿನ್ನ ಕಿವಿ ನೆಟ್ಟಗಿದೆ, ಆದರೂ ಅವಳ ಹಾಗೇ ಆಡ್ತೀಯಲ್ಲೇ," ಎಂದು ಬೈಯುತ್ತಾಳೆ. ನಿಜವೇ. ಶಾಲೆಯಲ್ಲಿ, ಕಾಲೇಜಿನಲ್ಲಿ, ಬಸ್ಸಿನಲ್ಲಿ ಚಿಲ್ಲರೆ ಕೇಳುವಾಗ ಕೂಡ, ಇನ್ನೊಮ್ಮೆ ಹೇಳಿ ಎನ್ನುವುದಕ್ಕಿಂತ ತಲೆ ಆಡಿಸುವುದೇ ನನಗೆ ಸುಲಭವಾಗಿತ್ತು. ತಲೆ ಆಡಿಸಿದರೆ ಎದುರಿನವರು ಸಂತೋಷದಿಂದ ಎದ್ದು ಹೋಗುತ್ತಾರೆ. ನಾಚಿಕೆಯವರಿಗೆ ಅದಕ್ಕಿಂತ ದೊಡ್ಡ ಲಾಭ ಯಾವುದಿದೆ?

ಕೈಪಿಡಿ ಬರೆದೆ. ಹದಿನಾಲ್ಕನೇ ಪುಟದಲ್ಲಿ ಹೀಗೆ ಬರೆದೆ: "ಸಂದೇಶವು ಕೈಸೇರಿದ ಕೂಡಲೇ ಸ್ವೀಕೃತಿಯನ್ನು ತಿಳಿಸಿ, ತರುವಾಯ ಅದನ್ನು ಖಾತೆಗೆ ಬರೆದುಕೊಳ್ಳತಕ್ಕದ್ದು." ಯಾಕೆ ಹಾಗೆ ಬರೆದೆ? ಕಾಗದ ಬಂದರೆ ಮೊದಲು ತಲುಪಿತೆಂದು ಬರೆಯುವುದು ಸೌಜನ್ಯವಲ್ಲವೇ ಎನ್ನಿಸಿತು. ಇಡೀ ಕೈಪಿಡಿಯಲ್ಲಿ ನನಗೆ ಬಹಳ ಇಷ್ಟವಾಗಿದ್ದ ವಾಕ್ಯ ಅದು. ಎರಡು ಸಲ ಗಟ್ಟಿಯಾಗಿ ಓದಿಕೊಂಡಿದ್ದೆ. ಮೇಡಂ ಆ ವಾರ ಮೂರು ಕೆಲಸಗಳ ನಡುವೆ ಸಿಕ್ಕಿಕೊಂಡಿದ್ದರು. "ನೀನು ಗೊತ್ತಾಯ್ತು ಅಂದ್ಯಲ್ಲ," ಎನ್ನುತ್ತ ಕೊನೆಯ ಪುಟಕ್ಕೆ ಸಹಿ ಹಾಕಿದರು.

ಒಂದು ಸಣ್ಣ ಉಳಿತಾಯ ಸಂಘದವರು ನಮ್ಮ ಕೈಪಿಡಿಯನ್ನು ನೋಡಿಕೊಂಡು, ಅದರಲ್ಲಿ ಇದ್ದಂತೆಯೇ, ಪ್ರೋಗ್ರಾಂ ಬರೆದರು. ನಾಲ್ಕು ತಿಂಗಳು ಏನೂ ಆಗಲಿಲ್ಲ. ಒಂದು ಮಂಗಳವಾರ ಮಧ್ಯಾಹ್ನ ಅವರ ಕಂಪ್ಯೂಟರು ನಿಂತು ಮತ್ತೆ ಶುರುವಾಯಿತು, ಅರ್ಧ ನಿಮಿಷದ ವಿಷಯ. ಆ ಅರ್ಧ ನಿಮಿಷದಲ್ಲಿ ಮೂವತ್ತೇಳು ಸಂದೇಶಗಳು ಸ್ವೀಕೃತಿ ಹೇಳಿಸಿಕೊಂಡು, ಸರದಿಯಿಂದ ಅಳಿಸಿಹೋಗಿ, ಯಾವ ಖಾತೆಯನ್ನೂ ಸೇರದೆ ಉಳಿದವು.

ನನಗೆ ಇದು ಗೊತ್ತಾದದ್ದು ಒಂದು ಫೋನಿನಿಂದ. ಕೈಪಿಡಿಯ ಹಿಂಬದಿಯಲ್ಲಿ ನನ್ನ ಮೇಜಿನ ನಂಬರು ಅಚ್ಚಾಗಿತ್ತು. ಸಂಘದವರು ಅದನ್ನೇ ಒಬ್ಬ ಹೆಂಗಸಿಗೆ ಕೊಟ್ಟಿದ್ದರು. ಮಗಳ ನರ್ಸಿಂಗ್ ಕೋರ್ಸಿಗೆಂದು, ಆ ಸಂಘದಲ್ಲಿದ್ದ ಕಾಲೇಜಿನ ಖಾತೆಗೆ ಶುಲ್ಕ ಕಟ್ಟಿದ್ದಾಕೆ. ಅಂದು ಸಂಜೆ ಐದಕ್ಕೆ ಕೊನೆಯ ಗಡುವು. "ಹೋಗಿದೆ ಅಂತಾರೆ ಇವರು. ಬಂದಿಲ್ಲ ಅಂತಾರೆ ಅವರು. ಮಧ್ಯದಲ್ಲಿ ಇರೋದು ನೀವೇನಾ?" ಎಂದು ಕೇಳಿದರು.

ಆ ಪ್ರಶ್ನೆಗೆ ಫೋನಿನಲ್ಲಿ ತಲೆ ಆಡಿಸಲು ಬರುವುದಿಲ್ಲ.

ನಾನು ರಿಸೀವರ್ ಹಿಡಿದುಕೊಂಡೇ ಮೇಡಂ ಕಡೆ ನೋಡಿದೆ. ಅವರು ಬಂದು ಫೋನು ತೆಗೆದುಕೊಂಡರು. ಮೊದಲು ಆ ತಾಯಿಯ ಮಾತು ಪೂರ್ತಿ ಕೇಳಿದರು. ಆಮೇಲೆ, "ಅಮ್ಮ, ನಾನು ಕೇಳಿಸಿಕೊಂಡದ್ದು ಇಷ್ಟು, ಸರಿಯಾ ನೋಡಿ," ಎಂದು ಒಂದೊಂದನ್ನೂ ತಿರುಗಿ ಹೇಳಿದರು: ಮಗಳ ಅರ್ಜಿ ಸಂಖ್ಯೆ, ಕಾಲೇಜು, ಗಡುವು. ನಾಲ್ಕೂವರೆಗೆ ಕಾಲೇಜಿನ ಗುಮಾಸ್ತರಿಗೆ ತಾವೇ ಫೋನು ಮಾಡಿ, ಸಂಸ್ಥೆಯ ಪತ್ರ ಕಳುಹಿಸಿ, ಎರಡು ದಿನದ ಅವಕಾಶ ಕೇಳಿ ಪಡೆದರು. ಕಳುಹಿಸುವ ಬದಿಯಲ್ಲಿ ಪ್ರತಿ ಸಂದೇಶದ ನಕಲು ಇಟ್ಟಿರುವುದು ಅವರದೇ ಹಳೆಯ ಹಟ. ಜಾಗ ದಂಡ ಎಂದು ಎಲ್ಲರೂ ಅವರನ್ನು ಗೇಲಿ ಮಾಡುತ್ತಿದ್ದೆವು. ಆ ನಕಲುಗಳಿಂದಲೇ ಮೂವತ್ತೇಳನ್ನೂ ಮತ್ತೆ ಸರದಿಗೆ ಹಾಕಿದರು. ಒಂದೇ ಸಂದೇಶ ಎರಡು ಸಲ ಬಂದರೆ ಸಂಖ್ಯೆ ನೋಡಿ ಎರಡನೆಯದನ್ನು ಬಿಡುವ ಏರ್ಪಾಡನ್ನೂ ಸಂಘದವರಿಗೆ ಕೂತು ಮಾಡಿಸಿಕೊಟ್ಟರು. ಆ ಹುಡುಗಿಗೆ ಸೀಟು ಉಳಿಯಿತು. ಈಗ ಅವಳದು ಕೊನೆಯ ವರ್ಷ. ಇದು ಹೇಗೆ ಗೊತ್ತು ಎಂದರೆ ಆ ತಾಯಿ ಈಗಲೂ ನನ್ನ ಮೇಜಿನ ನಂಬರಿಗೇ ಫೋನು ಮಾಡುತ್ತಾರೆ.

ಮರುವಾರ ವಿಚಾರಣೆ. ಅಧ್ಯಕ್ಷರೇ, ಆ ದಿನ ಮೇಜಿನ ಆ ಬದಿಯಲ್ಲಿ ನೀವೇ ಇದ್ದಿರಿ. ಹದಿನಾಲ್ಕನೇ ಪುಟ ತೆಗೆದಿಟ್ಟು, "ಇದನ್ನು ಬರೆದವರು ಯಾರು?" ಎಂದು ಕೇಳಿದಿರಿ. ನನ್ನ ಪರೀಕ್ಷಾವಧಿ ಮುಗಿದು ಕೆಲಸ ಕಾಯಂ ಆಗಲು ಹನ್ನೊಂದು ದಿನ ಇತ್ತು. ಅಪ್ಪನ ಕಾರ್ಖಾನೆ ಮುಚ್ಚಿ ಏಳು ತಿಂಗಳಾಗಿತ್ತು. ಮೇಡಂ ಹೇಳಿದರು, "ಸಹಿ ನಂದು ಸಾರ್. ಓದದೆ ಹಾಕಿದ ಸಹಿ. ಬರೆದುಕೊಳ್ಳಿ."

ನೀವು ಬರೆದುಕೊಂಡಿರಿ. ನಂತರ ನನ್ನತ್ತ ತಿರುಗಿ, "ನಿಮಗೆ ಬೇರೆ ಏನಾದರೂ ಹೇಳೋದಿದೆಯಾ?" ಎಂದಿರಿ.

ನಾನು ತಲೆ ಆಡಿಸಿದೆ. ಇದೆ ಎಂದೋ ಇಲ್ಲ ಎಂದೋ ನನಗೇ ತಿಳಿಯದಂತೆ ಆಡಿಸಿದೆ. ನೀವು ಇಲ್ಲ ಎಂದುಕೊಂಡಿರಿ.

ಮೇಡಂ ಅವರ ಕಡತಕ್ಕೆ ಎಚ್ಚರಿಕೆ ಪತ್ರ ಸೇರಿತು. ಆ ವರ್ಷ ಅವರಿಗೆ ಬರಬೇಕಿದ್ದ ಬಡ್ತಿ ಬರಲಿಲ್ಲ. ಹೊರಗೆ ಬಂದ ಮೇಲೆ ಅಳುತ್ತಿದ್ದ ನನಗೆ ಅವರು ಹೇಳಿದ್ದು ಇಷ್ಟೇ: "ಅಳೋದು ಆಮೇಲೆ. ಮೊದಲು ನಾನು ಆ ಗುಂಡಿ ಯಾಕೆ ಬೀಳಿಸಿದೆ ಹೇಳು." ನಾನು ಹೇಳಿದೆ. ತಪ್ಪಾಯಿತು. ಮತ್ತೆ ಹೇಳಿದೆ. ನಾಲ್ಕನೇ ಸಲಕ್ಕೆ ಸರಿಯಾಯಿತು: ಖಾತೆಗೆ ಬರೆದು ಮುಗಿದ ಮೇಲೆಯೇ "ಸ್ವೀಕರಿಸಿದೆ" ಎನ್ನಬೇಕು. ಅಂದಿನಿಂದ ಮೂರನೇ ಮಹಡಿಯಲ್ಲಿ ಒಂದು ಪದ್ಧತಿ ಇದೆ. ಯಾರು ಏನು ವಿವರಿಸಿದರೂ ಕೇಳಿದವರು ತಲೆ ಆಡಿಸಿ ಎದ್ದು ಹೋಗುವಂತಿಲ್ಲ. ಕೇಳಿಸಿಕೊಂಡದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಹೊಸಬರು ನಗುತ್ತಾರೆ, ಒಂದು ತಿಂಗಳಲ್ಲಿ ಅಭ್ಯಾಸವಾಗುತ್ತದೆ. ನಾನಂತೂ ಮನೆಯಲ್ಲೂ ಶುರು ಮಾಡಿದ್ದೇನೆ. ಅಜ್ಜಿಗೆ ಈಗ ಕಿವಿಯ ಯಂತ್ರ ಬಂದಿದೆ. ಅವಳಿಗೆ ಬೇಕಿದ್ದುದು ಯಾವಾಗಲೂ ಟೀಯಂತೆ.

ನನ್ನ ನಾಲ್ಕು ನಿಮಿಷ ಎಂದೋ ಮುಗಿದಿದೆ ಎಂದು ಸಂಚಾಲಕರು ಕೈಗಡಿಯಾರ ತೋರಿಸುತ್ತಿದ್ದಾರೆ. ಇನ್ನೊಂದೇ ಮಾತು. ಕೈಯಲ್ಲಿರುವ ಈ ಹಾಳೆಯಲ್ಲಿ ಇಲ್ಲದ ಮಾತು.

ಮೇಡಂ ಮುಂದಿನ ತಿಂಗಳಿನಿಂದ, ಮನೆಯ ಕಾರಣಕ್ಕೆ ಕೆಲಸ ಬಿಟ್ಟು ಮತ್ತೆ ಬರಬಯಸುವ ಹೆಂಗಸರಿಗೆ ಪಾಠ ಹೇಳಬೇಕೆಂದಿದ್ದಾರೆ. ನಿರ್ದೇಶಕರೇ, ನಿಮ್ಮ ಕೇಂದ್ರ ಅವರ ಸೇವಾ ಕಡತವನ್ನು ಕೇಳಿದೆ. ಅದು ನಾಳೆ ನಿಮ್ಮ ಕೈ ಸೇರುತ್ತದೆ. ಅದನ್ನು ತೆರೆದರೆ ಮೊದಲು ಕಾಣುವುದು ಆ ಎಚ್ಚರಿಕೆ ಪತ್ರ. ಕಲಿಸುವವರ ಕಡತದಲ್ಲಿ ಅಂಥದ್ದಿದ್ದರೆ ನಿಮ್ಮ ಸಮಿತಿ ಒಪ್ಪುವುದಿಲ್ಲ ಎಂದು ಕೇಳಿದ್ದೇನೆ. ಹದಿನಾಲ್ಕನೇ ಪುಟ ಬರೆದವಳು ನಾನು. ಅರ್ಥವಾಗದೆ ಗೊತ್ತಾಯ್ತು ಎಂದವಳು ನಾನು. ವಿಚಾರಣೆಯಲ್ಲಿ ಸುಮ್ಮನಿದ್ದವಳೂ ನಾನು. ಇದನ್ನೆಲ್ಲ ಬರೆದು ಸಹಿ ಹಾಕಿದ ಪತ್ರವನ್ನು ಇಂದು ಬೆಳಿಗ್ಗೆ ಅಧ್ಯಕ್ಷರ ಮೇಜಿನ ಮೇಲೆ ಇಟ್ಟಿದ್ದೇನೆ. ಎಚ್ಚರಿಕೆ ಪತ್ರ ನನ್ನ ಕಡತಕ್ಕೆ ಬರಲಿ. ಅವರ ಕಡತದಿಂದ ಅದನ್ನು ತೆಗೆಯಿರಿ.

ಮೇಡಂ, ನನ್ನನ್ನು ಹಾಗೆ ನೋಡಬೇಡಿ. ಕೂರು ಎಂದು ಕೈಸನ್ನೆ ಮಾಡಬೇಡಿ. ಮೂರು ವರ್ಷ ತಡವಾಯಿತು, ಆದರೂ ಕೆಲಸ ಮುಗಿಸಿಯೇ ಹೇಳುತ್ತಿದ್ದೇನೆ: ಅಂದು ನೀವು ಹೇಳಿಕೊಟ್ಟದ್ದನ್ನು ಸ್ವೀಕರಿಸಿದೆ.

ಅಧ್ಯಕ್ಷರು ತಲೆ ಆಡಿಸುತ್ತಿದ್ದಾರೆ. ನನ್ನ ಎದೆ ಹಗುರಾಯಿತು. ಆದರೆ ಸಾರ್, ಕ್ಷಮಿಸಿ, ನಿಮ್ಮ ಕೆಳಗೆ ಕೆಲಸ ಮಾಡುವ ಹುಡುಗಿ ಇದನ್ನು ಹೇಳಬಾರದು, ಆದರೂ ನಮ್ಮ ಮಹಡಿಯ ಪದ್ಧತಿ ಇದು. ತಲೆ ಆಡಿಸಿದರೆ ಸಾಲದು. ಮುಂದಿನ ಭಾಷಣ ನಿಮ್ಮದೇ. ನಾನು ಹೇಳಿದ್ದರಲ್ಲಿ ನಿಮಗೆ ಏನು ಕೇಳಿಸಿತು ಎಂಬುದನ್ನು ಈ ಮೈಕಿನಲ್ಲಿ, ನಿಮ್ಮ ಮಾತಿನಲ್ಲಿ, ನಿರ್ದೇಶಕರ ಮುಂದೆ ತಿರುಗಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ಮೈಕನ್ನು ಮತ್ತೆ ನಿಮ್ಮ ಎತ್ತರಕ್ಕೆ ಏರಿಸಿದ್ದೇನೆ. ಹಸಿವನ್ನು ತಡೆದುಕೊಂಡು ನನ್ನ ಮಾತು ಕೇಳಿದ ನಿಮಗೆಲ್ಲ ಋಣಿ. ನಮಸ್ಕಾರ.