ಮೂರನೇ ಮಹಡಿಯ ಮಾತ್ರೆ

ಆಸ್ಪತ್ರೆಯ ಲಿಫ್ಟು ಕೆಟ್ಟು ಆರು ತಿಂಗಳಾಗಿತ್ತು. ಉಬ್ಬಸಕ್ಕೆ ಹೊಸ ಮಾತ್ರೆ ಕೊಟ್ಟು ಪರೀಕ್ಷಿಸುವ ಕೋಣೆ ಮೂರನೇ ಮಹಡಿಯಲ್ಲಿ. ಪಕ್ಕದ ಮನೆಯವಳಿಗೆ ಅದರಿಂದಲೇ ಗುಣವಾಯಿತೆಂದು ಕೇಳಿ ಹೊರಟ ಅಜ್ಜಿ, ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತ ಮೆಟ್ಟಿಲ ತಿರುವಿನಲ್ಲೇ ಕುಕ್ಕರಿಸಿದಳು. ಮೇಲೆ ಹೋಗಲು ಉಸಿರಿಲ್ಲ, ಕೆಳಗಿಳಿಯಲು ಮಂಡಿ ಮಾತು ಕೇಳದು. ಅಷ್ಟರಲ್ಲಿ ಮೇಲಿನಿಂದ ಇಳಿದುಬಂದ ದೊಡ್ಡ ಡಾಕ್ಟರೂ ಫೈಲು ಹಿಡಿದ ಡಾಕ್ಟರಮ್ಮನೂ ಅವಳ ಎದುರಿಗೇ ನಿಂತು ವಾದಕ್ಕಿಳಿದರು.

“ಹೊಸ ಮಾತ್ರೆಯವರು ಎರಡು ಪಟ್ಟು ಬೇಗ ಸುಧಾರಿಸ್ಕೊಂಡಿದಾರೆ. ಇನ್ನೇನಮ್ಮಾ ಬೇಕು ನಿನಗೆ?”

“ಅವರೆಲ್ಲ ಮೂರು ಮಹಡಿ ಹತ್ತಿ ಬಂದೋರು ಸರ್.”

“ಬಂದ್ರೆ ಏನೀಗ?”

“ಹತ್ತೋಕಾಗದೋರಿಗೆ ಕೆಳಗೇ ಹಳೇ ಮಾತ್ರೆ ಕೊಟ್ವಿ. ಗಟ್ಟಿಮುಟ್ಟಾದೋರು ಮೇಲೆ, ಸೋತೋರು ಕೆಳಗೆ. ಗೆದ್ದಿದ್ದು ಮಾತ್ರೆನೋ, ಕಾಲೋ?”

“ಎರಡೂ ಕಡೆಯವರ ವಯಸ್ಸು, ತೂಕ ಎಲ್ಲ ತಾಳೆ ನೋಡಿದೀವಲ್ಲ.”

“ಮೆಟ್ಟಿಲು ನೋಡಿಲ್ಲ ಸರ್. ವರದಿಯಿಂದ ನನ್ನ ಹೆಸರು ತೆಗೆದುಬಿಡಿ.”

“ವರದಿ ನಿನ್ನೆನೇ ಹೋಯ್ತು. ಮೊದಲನೇ ಹೆಸರೇ ನಿಂದು.”

ಡಾಕ್ಟರಮ್ಮ ಕಂಬಿ ಹಿಡಿದುಕೊಂಡರು. ಕಣ್ಣು ಅಜ್ಜಿಯ ಮೇಲೆ ಬಿತ್ತು.

“ಹತ್ತೋಕೆ ಹೊರಟು ಅರ್ಧದಲ್ಲೇ ಕೂತೋರನ್ನ ಯಾವ ಪಟ್ಟಿಗೆ ಬರ್ಕೊಂಡಿದೀವಿ?”

“ಅವರು ಯಾವ ಪಟ್ಟಿಗೂ ಬರಲ್ಲ. ನಡಿ, ಮೀಟಿಂಗಿಗೆ ಹೊತ್ತಾಯ್ತು. ಅಜ್ಜೀ, ಸ್ವಲ್ಪ ಕಾಲು ಮಡಚ್ಕೊಳ್ಳಿ, ದಾರಿ ಬಿಡಿ.”

ಅಜ್ಜಿ ಕಾಲು ಮಡಚಿಕೊಂಡಳು. ದೊಡ್ಡ ಡಾಕ್ಟರು ಇಳಿದರು. ಡಾಕ್ಟರಮ್ಮ ಒಂದು ಗಳಿಗೆ ನಿಂತು, ಫೈಲನ್ನು ಎದೆಗೊತ್ತಿಕೊಂಡು ಅವರ ಹಿಂದೆಯೇ ಇಳಿದರು.