ಅಕ್ಕನ ದನಿ ಇದ್ದ ಡಿಸ್ಕು

...ನಗು, ನಗು. ಸತ್ತ ಕಂಪ್ಯೂಟರು ನನ್ನ ಹೆಜ್ಜೆ ಸಪ್ಪಳ ಕೇಳಿದ್ರೇ ಎದ್ದು ಕೂರುತ್ತೆ ಅಂದ್ರೆ ನಿಂಗೆ ತಮಾಷೆ. ನಿನ್ನ ಈ ಕಂಪ್ಯೂಟರು ಮಾತ್ರ ಹಠಮಾರಿ. ಆನ್ ಮಾಡಿದ್ರೆ ಚುಕ್ಕಿಗಳು ತಿರುಗೋದು, ಪರದೆ ನೀಲಿಯಾಗೋದು, ಮತ್ತೆ ಮೊದಲಿಂದ... ಬಾಗಿಲವರೆಗೆ ಬಂದು ವಾಪಸ್ ಹೋಗೋ ನೆಂಟನ ಹಾಗೆ. ಮೆಮೊರಿ ಚಿಪ್ಪು ಕಿತ್ತು ರಬ್ಬರಲ್ಲಿ ಉಜ್ಜಿ ಮತ್ತೆ ಕೂರಿಸಿದೆ, ಕೇಬಲ್ ಬದಲಾಯಿಸಿದೆ. ಜಗ್ಗಲಿಲ್ಲ. ಆದ್ರೆ ಮಾವ ಬಿಡ್ತಾನಾ? ನೋಡು ಈಗ, ಕಣ್ಣು ಮಿಟುಕಿಸೋಷ್ಟರಲ್ಲಿ ರೆಡಿ.

ತಾಳು ಪುಟ್ಟಿ, ಅವಸರ ಯಾಕೆ? ಏಳು ತಿಂಗಳ ಬಸುರಿ, ಹಾಗೆ ಬಗ್ಗಬೇಡ. ಕುರ್ಚಿ ಎಳ್ಕೋ.

ಗೊತ್ತು ಕಣೇ, ನಿಂಗೆ ಬೇಕಿರೋದು ಆ ಹಾಡು. ಗಂಟಲಿನ ಆಪರೇಷನ್‌ಗೆ ಮುಂಚೆ, ದನಿ ಹೋಗೋಕೆ ಮುಂಚೆ, ಎಂದಾದ್ರೂ ಹುಟ್ಟೋ ಮೊಮ್ಮಗುವಿಗೆ ಅಂತ ನಿಮ್ಮಮ್ಮ ಹಾಡಿಟ್ಟ ಜೋಗುಳ. ಮೈಕು ಹಿಡಿದವನು ನಾನೇ ಅಲ್ವಾ? ಎರಡನೇ ಸಾಲಲ್ಲಿ ಕೆಮ್ಮಿದೆ. ಅಕ್ಕ ಹಾಡು ನಿಲ್ಲಿಸಿ, ಆಚೆ ಹೋಗಿ ಕೆಮ್ಮೋ ಅಂದ್ಲು. ಅದನ್ನ ತೆಗೀಬೇಡ, ಮಗು ನಗಲಿ ಅಂತಲೂ ಅಂದ್ಲು. ರೆಕಾರ್ಡ್ ಮಾಡಿದ್ದ ಆ ಫೋನು ಕಳೆದ ಮೇಲೆ ಇದ್ದಿದ್ದು ಇದರಲ್ಲೊಂದೇ...

ಏನು ಹುಡುಕ್ತಿದ್ದೀಯ? ಅಲ್ಲಿ... ಅಲ್ಲಿರಲ್ಲ. ಕೇಳಿಲ್ಲಿ. ಹಳೇ ಡಿಸ್ಕು ಅಂದ್ರೆ ಒಳಗೆ ತಟ್ಟೆ ತಿರುಗೋದು. ಅಳಿಸಿದ್ರೂ ಒಳಗೆ ಉಳಿದಿರೋದು. ಎಲ್ಲಾ ಅಳಿಸಿ, ವಿಂಡೋಸ್ ಹೊಸದಾಗಿ ಹಾಕಿ, ಆಮೇಲೆ ಹಳೇದನ್ನ ಅಗೆದು ತೆಗೆಯೋದು, ಅದೇ ನನ್ನ ಪದ್ಧತಿ. ಒಬ್ಬ ಫೋಟೋಗ್ರಾಫರಿಗೆ ಮದುವೆ ಫೋಟೋ ಹಾಗೇ ತೆಗೆದುಕೊಟ್ಟೆ. ಮದುವೆಗೆ ಬರದವರೂ ಸಿಕ್ಕಿದ್ರಂತೆ.

ನಗಲ್ವಾ?

ಇದು ಎಸ್‌ಎಸ್‌ಡಿ, ಹೊಸ ಥರದ ಡಿಸ್ಕು. ತಟ್ಟೆ ಇಲ್ಲ, ಸದ್ದಿಲ್ಲ. ಅಳಿಸು ಅಂದ ಜಾಗವನ್ನ ತಾನೇ ಒರೆಸಿ, ತೊಳೆದು, ಖಾಲಿ ಮಾಡಿಡುತ್ತಂತೆ. ಭಾರೀ ಶಿಸ್ತು. ನಂಗೇನು ಗೊತ್ತು... ಕಳೆದುಹೋದ ಫೈಲು ತೆಗೆಯೋ ಅಂಗಡಿಗೂ ಒಯ್ದಿದ್ದೆ. ಅವನು ಒಂದು ಗಳಿಗೆ ನೋಡಿ, ಏನೂ ಸಿಗಲ್ಲ ಅಂತ ನನ್ನ ಕೈಗೇ ವಾಪಸ್ ಇಟ್ಟ. ಸೋಮಾರಿ. ಇನ್ನೊಬ್ಬನ್ನ ಕೇಳೋಣ, ಅಲ್ವಾ?

ಅಲ್ವಾ ಪುಟ್ಟಿ?

ಹೊಟ್ಟೆ ಮೇಲೆ ಕೈಯಿಟ್ಕೊಂಡು ಪರದೇನೇ ನೋಡ್ತಾ ಕೂತ್ರೆ ನಾನೇನು ಮಾಡ್ಲಿ? ಬೈಯಿ. ಏನಾದ್ರೂ ಎತ್ತಿ ಎಸಿ...

ಹೌದು. ನಿನ್ನೆ ಇದರಲ್ಲೂ ಎಲ್ಲಾ ಅಳಿಸಿ ವಿಂಡೋಸ್ ಹಾಕಿಬಿಟ್ಟೆ. ಒಂದು ಸಲ ನಿನ್ನ ಕೇಳಬೇಕಿತ್ತು.

...ಆ ಹಾಡು ನಂಗೆ ಪೂರ್ತಿ ಬರುತ್ತೆ ಕಣೇ. ರಾಗ ಬರಲ್ಲ, ಮಾತು ಬರುತ್ತೆ. ಹೇಳ್ಲಾ?

ಬೇಡ್ವಾ.

ಸರಿ... ಬೇಡ ಬಿಡು.