ಬಾಗಿಲ ತನಕ ಹದಿನಾಲ್ಕು ಗೆರೆ

ರಾತ್ರಿ ಒಂದೂವರೆ. ನಮ್ಮ ದೊಡ್ಡಮ್ಮನ ಮಗಳು, ನನಗೆ ಅಕ್ಕ ಆಗಬೇಕು, ಲ್ಯಾಬಿನಿಂದ ಒಬ್ಬಳೇ ನಡೆದು ಮನೆಗೆ ಬರುತ್ತಿದ್ದಳು. ಹಿಂದಿನ ಗೇಟು ದಾಟಿದರೆ ಒಂದು ಹಳೇ ಬಾವಿ, ಮೇಲೆ ತುಕ್ಕು ಹಿಡಿದ ಜಾಲರಿ. ಗಾಳಿ ಬಂದರೆ ಕಿರ್ರ್... ಅನ್ನುತ್ತೆ. ಹಾಗಂತ ಬಾವಿಯಿಂದ ಏನೋ ಎದ್ದು ಬರುತ್ತೆ ಅಂತ ಕಾಯಬೇಡಿ. ಪಾಪ, ಆ ಬಾವಿ ಯಾರಿಗೂ ಏನೂ ಮಾಡಿಲ್ಲ. ಅಕ್ಕನಿಗೆ ಅದನ್ನು ಕಂಡರೆ ಭಯ, ಅದಕ್ಕೇ ಭಾವ ದಿನಾ ರಾತ್ರಿ ಅವಳನ್ನು ಕರೆದುಕೊಂಡು ಹೋಗೋಕೆ ಬರುತ್ತಿದ್ದರು. ಆವತ್ತು ಅವರಿರಲಿಲ್ಲ. ಭಾವ ತೀರಿಕೊಂಡು ಎರಡು ತಿಂಗಳಾಗಿತ್ತು.

ಅವಳ ಕೆಲಸ ಏನಂತ ಹೇಳದೆ ಕತೆ ಮುಂದೆ ಹೋಗಲ್ಲ. ಅವಳ ಹತ್ತಿರ ಒಂದು ಮೈಕ್ರೋಸ್ಕೋಪ್ ಇದೆ, ಅದು ನೋಡೋದಲ್ಲ, ಮುಟ್ಟೋದು. ಕಣ್ಣಿಗೆ ಕಾಣದಷ್ಟು ಚೂಪಾದ ಸೂಜಿ ಬ್ಯಾಕ್ಟೀರಿಯಾದ ಮೈಯನ್ನು ಸಾಲು ಸಾಲಾಗಿ ಸವರುತ್ತಾ ಹೋಗುತ್ತೆ, ಕತ್ತಲಲ್ಲಿ ನಾವು ಗೋಡೆ ತಡವಿ ಸ್ವಿಚ್ಚು ಹುಡುಕೋ ಹಾಗೆ. ಉಬ್ಬು ತಗ್ಗು ಎಲ್ಲ ಸೇರಿ ಪರದೆ ಮೇಲೆ ಚಿತ್ರ ಮೂಡುತ್ತೆ. ಆಸ್ಪತ್ರೆಯ ಕೊಳವೆಗಳಿಗೆ ಅಂಟಿಕೊಳ್ಳೋ ಬ್ಯಾಕ್ಟೀರಿಯಾ ಅವು, ಮೈತುಂಬಾ ನವಿರಾದ ಎಳೆಗಳು. ಒಮ್ಮೆ ಹಿಡಿದಿದ್ದನ್ನು ಬಿಡಿಸೋಕೆ ಎಷ್ಟು ಬಲ ಬೇಕು ಅಂತ ಅಳೆಯೋದು ಅಕ್ಕನ ಕೆಲಸ.

ಆದರೆ ಆ ಸೂಜಿಗೆ ಮೂಗಿನ ತುದೀಲೇ ಕೋಪ. ಯಂತ್ರವನ್ನು ಕಲ್ಲು ಚಪ್ಪಡಿ ಮೇಲಿಟ್ಟು, ಚಪ್ಪಡಿಯನ್ನು ರಬ್ಬರ್ ಹಗ್ಗದಲ್ಲಿ ತೂಗುಹಾಕಿದ್ದಾರೆ. ಆದರೂ ಯಾರಾದರೂ ನಡೆದರೆ, ಜೋರಾಗಿ ಮಾತಾಡಿದರೆ, ಚಿತ್ರದಲ್ಲಿ ಅಡ್ಡ ಗೆರೆ ಬೀಳುತ್ತೆ. ಅದಕ್ಕೇ ಲಿಫ್ಟು ಓಡದ, ಲಾರಿ ಹೋಗದ ಹೊತ್ತು ನೋಡಿ ರಾತ್ರಿ ಕೆಲಸ. ಬರಿಗಾಲು, ಪಿಸುಮಾತು.

ಭಾವ ಹೊಲಿಗೆ ಯಂತ್ರ ರಿಪೇರಿ ಮಾಡೋರು. "ನಿನ್ನದೂ ಸೂಜಿ, ನನ್ನದೂ ಸೂಜಿ. ನನ್ನದರಲ್ಲಿ ಕೊನೆಗೆ ಒಂದು ಅಂಗಿನಾದ್ರೂ ಬರುತ್ತೆ" ಅಂತ ಅವಳನ್ನು ರೇಗಿಸೋರು. ಯಾವಾಗಲೋ ಬೈಕಿನಿಂದ ಬಿದ್ದು ಎಡಗಾಲು ಎಳೆಯುತ್ತಿದ್ದರು. ಧಪ್... ಸರ್ರ್... ಧಪ್... ಸರ್ರ್... ಆ ನಡಿಗೆಗೆ ಗೆರೆ ಬೀಳದೆ ಇರುತ್ತಾ? ಅಕ್ಕ ಅವರನ್ನು ಒಳಗೆ ಬಿಡುತ್ತಿರಲಿಲ್ಲ. ಕಾರಿಡಾರಿನಲ್ಲಿ, ಮೆಟ್ಟಿಲಿಗಿಂತ ಸ್ವಲ್ಪ ಈಚೆ, ಒಂದು ಬೆಂಚಿತ್ತು.

"ನಾನು ಬಂದು ಕರೆಯೋ ತನಕ ಅಲ್ಲಾಡಬೇಡಿ."

"ಆಯ್ತಮ್ಮಾ, ಕಲ್ಲಾಗಿ ಕೂತಿರ್ತೀನಿ."

ಒಂದು ರಾತ್ರಿ ಕೆಲಸ ಮುಗಿಸಿ ಬಂದು ನೋಡಿದರೆ, ಹಾಗೇ ಕೂತಿದ್ದರು. ಎರಡೂ ಕೈಯಲ್ಲಿ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದು... ಹೃದಯ ನಿಂತು ಒಂದು ಗಂಟೆಯಾಗಿದೆ ಅಂದರು ಡಾಕ್ಟರು. ಆ ಹೊತ್ತಿನಲ್ಲಿ ಯಂತ್ರ ತೆಗೆದ ಚಿತ್ರವೇ ಅವಳ ಇಷ್ಟು ವರ್ಷದ ಕೆಲಸದಲ್ಲಿ ಅತಿ ಚೆನ್ನಾಗಿ ಬಂದಿದ್ದು. ಒಂದೇ ಒಂದು ಗೆರೆ ಇಲ್ಲ.

"ನೋವು ಬಂದಿರುತ್ತೆ ಕಣೋ. ಇಷ್ಟು ಹತ್ತಿರದಲ್ಲಿ ನಾನಿದ್ದೆ. ಯಾಕೆ ಕರೀಲಿಲ್ಲ?" ಅಂತ ಕೇಳಿದಳು ನನ್ನನ್ನು. ಉತ್ತರ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅವಳು ಒಬ್ಬಳೇ ನಡೆದು ಬಂದ ರಾತ್ರಿ ಅಂದೆನಲ್ಲ... ಕೆಲಸಕ್ಕೆ ವಾಪಸ್ ಹೋದ ಮೊದಲ ರಾತ್ರಿ ಅದು. ಕಂಪ್ಯೂಟರಿನ ಸಣ್ಣ ಗುಂಯ್ ಬಿಟ್ಟರೆ ಬೇರೆ ಸದ್ದಿಲ್ಲ. ಚಿತ್ರದಲ್ಲಿ ಗೆರೆ ಬಿತ್ತು. ಒಂದು ದಪ್ಪ... ಒಂದು ತೆಳು. ಒಂದು ದಪ್ಪ... ಒಂದು ತೆಳು. ದೂರದ ಹೆಜ್ಜೆಯಾದರೆ ಗೆರೆ ಮಸುಕು, ಹತ್ತಿರದ್ದಾದರೆ ಗಾಢ. ಇವು ಒಂದಕ್ಕಿಂತ ಒಂದು ಗಾಢವಾಗುತ್ತಾ ಬಂದವು. ಹದಿನಾಲ್ಕಾದ ಮೇಲೆ ನಿಂತುಹೋದವು.

ಮಾರನೇ ರಾತ್ರಿಯೂ ಹದಿನಾಲ್ಕು. ಅದರ ಮರುದಿನವೂ. ಮೆಕ್ಯಾನಿಕ್ ಬಂದ, ಹಗ್ಗ ಎಳೆದು ನೋಡಿದ, ಸೂಜಿ ಬದಲಾಯಿಸಿದ. "ಇಲಿ ಇರಬೇಕು ಮೇಡಂ" ಅಂದ. ಕುಂಟೋ ಇಲಿ, ಎಣಿಸೋಕೆ ಬೇರೆ ಬರುತ್ತೆ ಅದಕ್ಕೆ.

ಹತ್ತನೇ ರಾತ್ರಿ ಅಕ್ಕ ಎದ್ದು ಬೆಂಚಿನ ಹತ್ತಿರ ಹೋದಳು. ಅಲ್ಲಿಂದ ಭಾವನ ಹಾಗೇ ಎಡಗಾಲು ಎಳೆದುಕೊಂಡು ನಡೆದು ನೋಡಿದಳು. ಬಾಗಿಲ ತನಕ ಹದಿನಾಲ್ಕು ಹೆಜ್ಜೆ... ಅಂದರೆ ದಿನಾ ರಾತ್ರಿ ಬಾಗಿಲ ತನಕ ಬಂದು, ಹೊರಗೇ ನಿಲ್ಲುತ್ತಿದ್ದಾರೆ. ಒಳಗೆ ಬರಬೇಡಿ ಅಂದವಳು ಇವಳೇ ತಾನೆ.

ಹೋಗಿ ಕೂತಳು. ಸೂಜಿ ಇಳಿಸಿದಳು. ಗೆರೆ ಬಂದವು, ಹದಿನಾಲ್ಕಕ್ಕೆ ನಿಂತವು. ಪರದೆಯಿಂದ ಕಣ್ಣು ತೆಗೆಯದೆ ಪಿಸುಗುಟ್ಟಿದಳು.

"ಒಳಗೆ ಬನ್ನಿ."

ಸ್ವಲ್ಪ ಹೊತ್ತು ಏನೂ ಇಲ್ಲ... ಆಮೇಲೆ ದಪ್ಪ. ತೆಳು. ದಪ್ಪ. ತೆಳು. ದಪ್ಪ. ಕೊನೆಗೆ ಒಂದು ಅಗಲದ ಪಟ್ಟಿ, ಪಕ್ಕದ ಸ್ಟೂಲಿನ ಮೇಲೆ ಯಾರಾದರೂ ಕೂತರೆ ಬೀಳುತ್ತಲ್ಲ, ಅಂಥದ್ದು.

ಅಕ್ಕ ತಿರುಗಿ ನೋಡಲಿಲ್ಲ. "ತಿರುಗಿದಾಗ ಸ್ಟೂಲು ಖಾಲಿ ಇದ್ದಿದ್ರೆ ನಾನೇನು ಮಾಡ್ತಿದ್ದೆ?" ಅಂದಳು ಆಮೇಲೆ ನನಗೆ.

"ಕರೀಬೇಕಿತ್ತು ನೀವು" ಅಂತ ಪಿಸುಗುಟ್ಟಿದಳಂತೆ. "ಚಿತ್ರ ಹಾಳಾದ್ರೆ ಹಾಳಾಗ್ತಿತ್ತು." ಆಮೇಲೆ, "ಮುಗೀತು. ಮನೆಗೆ ಹೋಗೋಣ" ಅಂತ ಎದ್ದಳು. ಆ ಗಡಿಬಿಡಿಯಲ್ಲಿ ಸೂಜಿ ಎತ್ತೋದನ್ನೇ ಮರೆತಳು. ಅವರ ಕೆಲಸದಲ್ಲಿ ಅದು ಒಲೆ ಆರಿಸದೆ ಮನೆ ಬಿಟ್ಟ ಹಾಗೆ. ಯಂತ್ರ ತನ್ನ ಪಾಡಿಗೆ ಚಿತ್ರ ತೆಗೆಯುತ್ತಲೇ ಇತ್ತು. ಬಾವಿ ಯಾವಾಗ ದಾಟಿದೆ ಅಂತಲೂ ಗೊತ್ತಾಗಲಿಲ್ಲ ಅಂದಳು.

ಆವತ್ತೇ ಕೊನೆ, ಮತ್ತೆ ಆ ಗೆರೆ ಬಿದ್ದಿಲ್ಲ. ಅಕ್ಕ ಈಗಲೂ ದಿನಾ ಬೇಕಂತಲೇ ಸೂಜಿ ಇಳಿಸಿಟ್ಟು ಬರುತ್ತಾಳೆ. ಬೆಳಿಗ್ಗೆ ಹೋಗಿ ಎಣಿಸುತ್ತಾಳೆ. ಇರೋದು ಅವಳ ಹೆಜ್ಜೆ ಮಾತ್ರ.

ನೀವು ನಂಬಿ, ಬಿಡಿ. ಆ ರಾತ್ರಿಯ ಚಿತ್ರ ಅವಳ ಮನೇಲಿದೆ, ನಾನು ಬೆರಳಿಟ್ಟು ಎಣಿಸಿದ್ದೇನೆ. ಅವಳ ಬರಿಗಾಲಿನ ಗೆರೆ ನೂಲಿನ ಹಾಗೆ, ಎಲ್ಲ ಒಂದೇ ಸಮ. ಅದರ ಜೊತೆಜೊತೆಗೇ ದಪ್ಪ, ತೆಳು, ದಪ್ಪ, ತೆಳು. ಬಾಗಿಲು ದಾಟಿ ಹದಿನಾಲ್ಕಕ್ಕೆ ಬೆಂಚು ಬಂತು... ನಿಲ್ಲಲಿಲ್ಲ. ಹದಿನೈದು, ಹದಿನಾರು... ಮೆಟ್ಟಿಲ ಕಡೆಗೆ, ಎರಡೂ ಒಟ್ಟಿಗೆ ಮಸುಕಾಗುತ್ತಾ ಹೋಗಿವೆ.